ಪುಣೆಯಲ್ಲೇ ಲಸಿಕೆ ತಯಾರಾದರೂ ಅಲ್ಲಿನ ಕೂಲಿಕಾರರ ಮಕ್ಕಳಿಗೆ ಅದು ತಪ್ಪುವುದೇಕೆ?

ಹಡಪ್ಸರ್‌ನ ಸೀರಂ ಇನ್‌ಸ್ಟಿಟ್ಯೂಟ್‌ನಿಂದ ಹಲವು ದೇಶಗಳಿಗೆ ಲಸಿಕೆ ಹೋಗುವಾಗ ಈ ಪ್ರಶ್ನೆ ಸಹಜವೇ. ಆದರೆ ಹತ್ತಿರದಲ್ಲೇ ತಯಾರಾದರೂ ಹೆಚ್ಚಿನ ಲಸಿಕೆಗಳನ್ನು ಮಗುವಿಗೆ ಹಾಕುವ ಕೊನೆಯ ಕೇಂದ್ರದವರೆಗೂ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಾಪಾಡಬೇಕು. ಬಿಸಿ ತಗುಲಿದ್ದನ್ನು ತೋರಿಸಲು ಶೀಶೆಯ ಮೇಲೆ ಅಂಟಿಸಿರುವ ಸೂಚಕದ ಒಳಚೌಕ ಹೊರವೃತ್ತದಷ್ಟೇ ಕಪ್ಪಾದರೆ ಅದನ್ನು ಬಳಸುವಂತಿಲ್ಲ. ಹೆಪ್ಪುಗಟ್ಟಿದರೂ ಹೆಪಟೈಟಿಸ್ ಬಿ ಲಸಿಕೆ ಕೆಡುತ್ತದೆ, ಅದನ್ನು ಮಾತ್ರ ಆ ಸೂಚಕ ತೋರಿಸದು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ತೊಡಕು ಲೆಕ್ಕದಲ್ಲಿದೆ. ಬೇಕಾದ ಡೋಸ್‌ಗಳನ್ನು ಆಯಾ ಪ್ರದೇಶದ ಮಕ್ಕಳ ಎಣಿಕೆಯಿಂದ ಅಂದಾಜಿಸುವುದರಿಂದ, ಕಲಬುರಗಿ, ಯಾದಗಿರಿಗಳಿಂದ ಬಂದು, ಕಟ್ಟಡದ ಕೆಲಸ ಮುಗಿಯುತ್ತಲೇ ಗುಡಿಸಲು ಕಿತ್ತು ಮುಂದೆ ಸಾಗುವ ಕುಟುಂಬದ ಮಗು ಅದರಿಂದ ಹೊರಗುಳಿಯಬಹುದು. ತಾಯಿಗೆ ಮರಾಠಿ ಓದಲು ಬಾರದಿದ್ದರೆ ಲಸಿಕೆ ಕಾರ್ಡಿನಲ್ಲಿ ಬರೆದ ಮುಂದಿನ ತಾರೀಖೂ ತಪ್ಪುತ್ತದೆ. ಮುಕಾದಮರಿಂದ (ಕೂಲಿಕಾರರನ್ನು ಕರೆತರುವ ಮೇಸ್ತ್ರಿಗಳಿಂದ) ಮಕ್ಕಳ ಹೆಸರು ಬರೆದುಕೊಂಡು, ಸಂಜೆ ಕೂಲಿ ಮುಗಿದ ಮೇಲೆ ಬಿಡಾರಕ್ಕೇ ಬಂದು ಕನ್ನಡದಲ್ಲಿ ತಿಳಿಹೇಳುವವರು ಬೇಕು. ಕಾರ್ಡು ಕಳೆದಿದ್ದರೂ ಮಗುವನ್ನು ಹಿಂದಕ್ಕೆ ಕಳಿಸಬಾರದು.