ಸಿಮರಾನ್ ಕೌಂಟಿಯ ಲೇಖನ: ನಕಾಶೆಯಿಂದ ಶುರು ಮಾಡಿ

ಆತ್ಮೀಯರೇ,

ಒಕ್ಲಹೋಮದ ಸಿಮರಾನ್ ಕೌಂಟಿಯ ಚರಿತ್ರೆ, ಭೂಗೋಳ ಕುರಿತು ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ, ವಿಷಯ ಗಟ್ಟಿಯಿದೆ.

ನೀವು ಕೊಲಂಬಸ್‌ನಿಂದ ಹೊರಟಿದ್ದೀರಿ. ಕೌಂಟಿಗೆ ಬಂದು ಸೇರುವುದು ಮೂರನೇ ಪುಟದಲ್ಲಿ. ಅಲ್ಲಿ, 'ಬೇರೆ ನಾಲ್ಕು ರಾಜ್ಯಗಳಿಗೆ ತಾಗಿಕೊಂಡಿರುವ ಅಮೆರಿಕದ ಏಕೈಕ ಕೌಂಟಿ' ಎಂದು ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆ ಸಾಲಿನ ಹತ್ತಿರ ನಿಲ್ಲಬೇಕಿತ್ತು. ಉತ್ತರಕ್ಕೆ ಕೊಲರಾಡೊ ಮತ್ತು ಕ್ಯಾನ್ಸಸ್, ಪಶ್ಚಿಮಕ್ಕೆ ನ್ಯೂ ಮೆಕ್ಸಿಕೊ, ದಕ್ಷಿಣಕ್ಕೆ ಟೆಕ್ಸಸ್. ಯಾಕೆ ಹೀಗಾಯಿತು?

1820ರ ಮಿಸೌರಿ ಒಪ್ಪಂದ 36 ಡಿಗ್ರಿ 30 ನಿಮಿಷ ಅಕ್ಷಾಂಶದಿಂದ ಮೇಲೆ ಗುಲಾಮಗಿರಿ ಕೂಡದು ಎಂದಿತ್ತು. ಗುಲಾಮಗಿರಿ ಬಿಡಲೊಲ್ಲದ ಟೆಕ್ಸಸ್ 1850ರಲ್ಲಿ ಆ ಗೆರೆಯಿಂದ ಮೇಲಿನ ನೆಲವನ್ನು ಬಿಟ್ಟುಕೊಟ್ಟಿತು. 1854ರಲ್ಲಿ ಕ್ಯಾನ್ಸಸ್‌ನ ದಕ್ಷಿಣದ ಗಡಿಯನ್ನು 37 ಡಿಗ್ರಿಗೆ ಎಳೆದರು. ನಡುವೆ ಉಳಿದದ್ದು ಅರ್ಧ ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 69 ಮೈಲಿ, ಅರ್ಧ ಅಂದರೆ 34 ಮೈಲಿ ಚಿಲ್ಲರೆ. ಆ ಪಟ್ಟಿಯ ಅಗಲ ಅಷ್ಟೇ! ಓದುಗರು ಬೆರಳಲ್ಲಿ ಎಣಿಸಿ ನೋಡಬಹುದಾದ ಇಂಥ ಲೆಕ್ಕವನ್ನು ಬಿಡಬೇಡಿ. 1890ರವರೆಗೆ ಆ ಪಟ್ಟಿ ಯಾವ ರಾಜ್ಯಕ್ಕೂ, ಯಾವ ಪ್ರಾಂತ್ಯಕ್ಕೂ ಸೇರಿರಲಿಲ್ಲ. ಜನ ಅದನ್ನು 'ಯಾರದ್ದೂ ಅಲ್ಲದ ನೆಲ' ಎಂದೇ ಕರೆದರು. ಅಲ್ಲಿ ಮನೆ ಕಟ್ಟಿದವರಿಗೆ ಜಮೀನಿನ ಹಕ್ಕುಪತ್ರ ಮಾಡಿಸಿಕೊಳ್ಳುವ ದಾರಿಯೇ ಇರಲಿಲ್ಲ. 1907ರಲ್ಲಿ ಒಕ್ಲಹೋಮ ರಾಜ್ಯವಾದಾಗ ಪಟ್ಟಿಯನ್ನು ಮೂರು ಕೌಂಟಿಗಳಾಗಿ ಒಡೆದರು. ಪಶ್ಚಿಮದ ತುದಿಯದ್ದು ನಿಮ್ಮ ಸಿಮರಾನ್. ಇದನ್ನೇ ಮೊದಲ ಪ್ಯಾರಾಕ್ಕೆ ತನ್ನಿ.

ಎರಡನೆಯದು ದೊಡ್ಡ ತಪ್ಪು. 'ಭೀಕರ ಬರದಿಂದಾಗಿ ಧೂಳಿನ ಬಿರುಗಾಳಿಗಳು ಎದ್ದವು' ಎಂದು 1930ರ ದಶಕದ ಬಗ್ಗೆ ಬರೆದಿದ್ದೀರಿ. ಆ ಸೀಮೆಗೆ ಬರ ಹೊಸದಲ್ಲ, ವರ್ಷದ ಮಳೆಯೇ 20 ಇಂಚು ಮುಟ್ಟುವುದಿಲ್ಲ. ಹೊಸದಾಗಿದ್ದದ್ದು ಬೆತ್ತಲಾದ ಮಣ್ಣು. ಬಫೆಲೊ ಹುಲ್ಲು, ನೀಲಿ ಗ್ರಾಮಾ ಹುಲ್ಲು ಎರಡೂ ಗಿಡ್ಡ. ಆದರೆ ಅವುಗಳ ಬೇರು ಮಣ್ಣನ್ನು ಜಮಖಾನೆಯಂತೆ ಹೆಣೆದು ಹಿಡಿದಿತ್ತು. ಮೊದಲ ಮಹಾಯುದ್ಧದಲ್ಲಿ ಗೋಧಿಯ ದರ ಬುಶೆಲ್‌ಗೆ, ಅಂದರೆ ಸುಮಾರು 27 ಕಿಲೋಗೆ, 2 ಡಾಲರ್ ದಾಟಿತು. ಹುಲ್ಲು ಕಿತ್ತು ಉತ್ತರು. ಟ್ರ್ಯಾಕ್ಟರ್ ಹಿಂದೆ ಕಟ್ಟಿದ ತಟ್ಟೆ ನೇಗಿಲಿನಿಂದ ಕೆಲಸ ಬೇಗ ಮುಗಿಯುತ್ತಿತ್ತು, ಆದರೆ ಅದು ಹೆಂಟೆ ಉಳಿಸದೆ ಮೇಲ್ಮಣ್ಣನ್ನು ಹಿಟ್ಟು ಮಾಡುತ್ತಿತ್ತು. ಗಾಳಿಯನ್ನು ತಡೆಯುವುದು ಹೆಂಟೆ ಮತ್ತು ಕೂಳೆ. ಎರಡೂ ಹೋದವು. 1931ರಲ್ಲಿ ದರ 40 ಸೆಂಟಿನ ಆಸುಪಾಸಿಗೆ ಕುಸಿಯಿತು. ಬಿತ್ತನೆಯ ಖರ್ಚೂ ಹುಟ್ಟದೆ ಎಷ್ಟೋ ಜಮೀನು ಬೀಳುಬಿದ್ದವು. ಬರ ಬಂದದ್ದು ಆ ಬೋಳು ನೆಲದ ಮೇಲೆ. 1935ರ ಏಪ್ರಿಲ್ 14ರ 'ಕಪ್ಪು ಭಾನುವಾರ', ಅಂದರೆ ಧೂಳಿನ ಮಹಾ ಬಿರುಗಾಳಿ ಎದ್ದ ದಿನ, ಬರಬೇಕಾದದ್ದು ಈ ಸರಪಳಿಯ ಕೊನೆಗೆ. ನೀವು ಈ ಭಾಗವನ್ನು ಅದರಿಂದಲೇ ಶುರು ಮಾಡಿದ್ದೀರಿ.

ಜನಸಂಖ್ಯೆಯ ಕೋಷ್ಟಕ ತೆಗೆಯಿರಿ, ಮೂರು ಅಂಕಿ ಸಾಕು: 1930ರಲ್ಲಿ 5,408, 1940ರಲ್ಲಿ 3,654, 2020ರಲ್ಲಿ 2,296. ಹತ್ತು ವರ್ಷದಲ್ಲಿ ಮೂರರಲ್ಲಿ ಒಬ್ಬರು ಕಡಿಮೆಯಾದರು. ಹಾಗೆ ಓದಿದರೆ, ಮೂರರಲ್ಲಿ ಇಬ್ಬರು ಉಳಿದದ್ದೂ ಕಾಣುತ್ತದೆ. ನಿಮ್ಮ 'ಎಲ್ಲರೂ ಊರು ತೊರೆದರು' ಎಂಬ ವಾಕ್ಯ ಹಾಗಾಗಿ ಸುಳ್ಳು.

ಭೂಗೋಳದ ಭಾಗದಲ್ಲಿ ಬ್ಲ್ಯಾಕ್ ಮೆಸಾ ಎಂಬ ಚಪ್ಪಟೆ ನೆತ್ತಿಯ ಗುಡ್ಡದ ಎತ್ತರ 4,973 ಅಡಿ ಎಂದು ಸರಿಯಾಗಿಯೇ ಕೊಟ್ಟಿದ್ದೀರಿ. ಅದು ಹೇಗೆ ಎತ್ತರವಾಯಿತು ಎಂಬುದು ಬಿಟ್ಟುಹೋಗಿದೆ. ಲಾವಾ ಹರಿದದ್ದು ಹಳೆಯ ಕಣಿವೆಯೊಂದರ ತಳದಲ್ಲಿ. ಅದು ಗಟ್ಟಿ ಕಲ್ಲಾಯಿತು, ಸುತ್ತಲಿನ ಮೆದು ನೆಲ ಸವೆದು ಹೋಯಿತು. ಅಂದಿನ ತಗ್ಗೇ ಇಂದು ರಾಜ್ಯದ ಅತಿ ಎತ್ತರದ ಜಾಗ.

ಸಣ್ಣಪುಟ್ಟವು. 'ಕೌಂಟಿ'ಯನ್ನು ಕೌಂಟಿ ಎಂದೇ ಬರೆಯಿರಿ. ನೀವು 'ಜಿಲ್ಲೆ' ಎಂದದ್ದರಿಂದಲೇ ಇಲ್ಲದ ಜಿಲ್ಲಾಧಿಕಾರಿ ಒಬ್ಬರು ನಿಮ್ಮ ಲೇಖನದೊಳಗೆ ಬಂದುಬಿಟ್ಟಿದ್ದಾರೆ. ಅಲ್ಲಿ ಆಡಳಿತ ನಡೆಸುವವರು ಚುನಾಯಿತರಾದ ಮೂವರು ಕಮಿಷನರ್‌ಗಳು. ಕೌಂಟಿ ಕೇಂದ್ರದ ಹೆಸರು 'ಬೊಯಿಸೆ' ಅಲ್ಲ, ಬಾಯ್ಸ್ ಸಿಟಿ. 1943ರ ಜುಲೈ 5ರ ನಡುರಾತ್ರಿ ತರಬೇತಿಯ ಬಾಂಬರ್ ವಿಮಾನವೊಂದು ಕೋರ್ಟಿನ ಚೌಕದ ದೀಪಗಳನ್ನೇ ಗುರಿಯೆಂದು ತಿಳಿದು ಆ ಊರಿನ ಮೇಲೆ ಅಭ್ಯಾಸದ ಬಾಂಬ್ ಹಾಕಿತ್ತು. ನೀವದನ್ನು 'ಯುದ್ಧದ ದಾಳಿ' ಎಂದಿದ್ದೀರಿ, ತಿದ್ದಿ. ಯಾರೂ ಸಾಯಲಿಲ್ಲ ಎಂಬುದನ್ನೂ ಸೇರಿಸಿ. ಉತ್ತರ ಕರ್ನಾಟಕದ ಬರದ ಜೊತೆಗಿನ ಹೋಲಿಕೆ ಪೂರ್ತಿ ತೆಗೆಯಿರಿ. ಮಣ್ಣು, ಬೆಳೆ, ಹಿಡುವಳಿ ಯಾವುದೂ ಹೊಂದುವುದಿಲ್ಲ.

ಕೊನೆಗೆ ರೀಟಾ ಬ್ಲಾಂಕಾ ಹುಲ್ಲುಗಾವಲು ಇರಲಿ. ಹಾಳಾದ ಹೊಲಗಳನ್ನು ಸರ್ಕಾರವೇ ಕೊಂಡು ಮತ್ತೆ ಹುಲ್ಲು ಬಿತ್ತಿಸಿದ ನೆಲ ಅದು, ಒಂದು ಭಾಗ ಈ ಕೌಂಟಿಯಲ್ಲೇ ಇದೆ. ನಿಮ್ಮ ಕರಡಿನಲ್ಲಿ ಅದರ ಸುದ್ದಿಯೇ ಇಲ್ಲ.

1,200 ಪದದೊಳಗೆ ಮತ್ತೆ ಬರೆದು ಕಳಿಸಿ, ಜೊತೆಗೆ ಕೈಯಲ್ಲೇ ಬಿಡಿಸಿದ ಒಂದು ಗಡಿ ನಕಾಶೆ. ಧೂಳಿನಲ್ಲಿ ರೈತನೂ ಅವನ ಇಬ್ಬರು ಗಂಡುಮಕ್ಕಳೂ ಕೊಟ್ಟಿಗೆಯ ಕಡೆ ನಡೆಯುವ ಛಾಯಾಗ್ರಾಹಕ ಆರ್ಥರ್ ರಾಥ್‌ಸ್ಟೈನ್ ತೆಗೆದ ಚಿತ್ರ ಇದೇ ಕೌಂಟಿಯದ್ದು. ಸರ್ಕಾರಕ್ಕಾಗಿ ತೆಗೆದದ್ದಾದ್ದರಿಂದ ಹಕ್ಕಿನ ತೊಡಕಿಲ್ಲ, ಬಳಸಬಹುದು. ಅಡಿಬರಹದಲ್ಲಿ 1936 ಎಂದು ಹಾಕಿ. ನೀವು ಬರೆದಿರುವ 1935 ಕಪ್ಪು ಭಾನುವಾರದ ವರ್ಷ.