ಮ್ಯಾನೇಜರ್ ಜೋಕ್ ಹೇಳಿದ ಮೇಲೆ

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಮಗಳು ತುಂಬ ಹೊಗಳಿದಳು ಅಂತ ಬ್ರಿಟಿಷರ 'ದಿ ಆಫೀಸ್' ಹಾಸ್ಯ ಧಾರಾವಾಹಿಯ ಎರಡು ಕಂತು ನೋಡಿದೆ. ನಗು ಬರಲಿಲ್ಲ. ಆ ಮ್ಯಾನೇಜರನ್ನು ನೋಡಿ ನನಗೇ ನಾಚಿಕೆಯಾಯಿತು, ಟಿವಿ ಆರಿಸಿಬಿಟ್ಟೆ. 32 ವರ್ಷ ಬ್ಯಾಂಕಿನಲ್ಲಿ ದುಡಿದವಳು ನಾನು. ಇದರಲ್ಲಿ ಜನ ಏನು ಕಂಡರು, ತಿಳಿಸಿ."

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪತ್ರ ಓದಿ ಖುಷಿಯಾಯಿತು. ನಾಚಿಕೆಯಾಯಿತು ಅಂದಿರಲ್ಲ, ನೀವು ಅದನ್ನು ಸರಿಯಾಗಿಯೇ ನೋಡಿದ್ದೀರಿ. ಬರೆದು ನಿರ್ದೇಶಿಸಿದ ರಿಕಿ ಜರ್ವೇಸ್ ಮತ್ತು ಸ್ಟೀಫನ್ ಮರ್ಚೆಂಟ್‌ಗೆ ಬೇಕಿದ್ದದ್ದೂ ಅದೇ.

ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಊರಿನಲ್ಲಿ ವರ್ನ್‌ಹ್ಯಾಮ್ ಹಾಗ್ ಅನ್ನುವ ಕಾಗದ ಮಾರುವ ಕಂಪನಿ. ಅದರ ಬ್ರಾಂಚ್ ಮ್ಯಾನೇಜರ್ ಡೇವಿಡ್ ಬ್ರೆಂಟ್. ಈ ಪಾತ್ರ ಜರ್ವೇಸ್ ಅವರದೇ. 2001ರ ಜುಲೈನಲ್ಲಿ ಬಿಬಿಸಿಯ ಎರಡನೇ ಚಾನಲ್ಲಿನಲ್ಲಿ ಶುರುವಾದಾಗ ನೋಡಿದವರು ಕಡಿಮೆ. ಬಾಯಿಂದ ಬಾಯಿಗೆ ಸುದ್ದಿ ಹರಡಿ ಜನ ಹುಡುಕಿಕೊಂಡು ಬಂದರು. ಎರಡು ಸರಣಿ, ಕೊನೆಗೆ 2003ರ ಕ್ರಿಸ್ಮಸ್‌ಗೆ ಎರಡು ವಿಶೇಷ ಕಂತು. ಒಟ್ಟು 14, ಅಷ್ಟೇ.

ನೀವು ಮೊದಲ ಕಂತು ನೋಡಿದ್ದೀರಿ. ಅದರಲ್ಲಿ ಬ್ರೆಂಟ್ ರಿಸೆಪ್ಷನಿಸ್ಟ್ ಡಾನ್‌ಳನ್ನು ಕರೆದು, ಆಫೀಸಿನ ಪೋಸ್ಟ್-ಇಟ್ ಚೀಟಿ ಕದ್ದಿದ್ದೀಯ, ಕೆಲಸದಿಂದ ತೆಗೆದಿದ್ದೇನೆ ಅನ್ನುತ್ತಾನೆ. ಅವನಿಗೆ ಅದು ತಮಾಷೆ. ಹೊಸದಾಗಿ ಬಂದ ಹುಡುಗನ ಮುಂದೆ ತನ್ನ ಹಾಸ್ಯಪ್ರಜ್ಞೆ ತೋರಿಸಬೇಕು. ಆಕೆ ಅತ್ತುಬಿಡುತ್ತಾಳೆ. ಆಗ ಅವನ ಮುಖ ನೋಡಿ. ಏನು ಮಾಡಬೇಕು ಅಂತ ಗೊತ್ತಾಗದೆ ಒದ್ದಾಡುತ್ತಾನೆ.

ನನಗೆ ಈ ಧಾರಾವಾಹಿ ಅರ್ಥವಾಗಿದ್ದು ಈ ದೃಶ್ಯದಿಂದ. ಇಲ್ಲಿ ಮುಖ್ಯವಾದದ್ದು ಬ್ರೆಂಟನ ಜೋಕ್ ಅಲ್ಲ, ಜೋಕ್ ಮುಗಿದ ಮೇಲಿನ ಆ ಎರಡು ಸೆಕೆಂಡು. ಗೆಳೆಯ ಹೇಳಿದ ಜೋಕಿಗೆ ನಾವು ನಗದೇ ಇರಬಹುದು. ಮ್ಯಾನೇಜರ್ ಹೇಳಿದ್ದಕ್ಕೆ ಹಾಗಲ್ಲ ಅಲ್ವಾ? ರಜೆ, ಬಡ್ತಿ, ತಿಂಗಳ ಸಂಬಳ ಎಲ್ಲ ಅವನ ಸಹಿಯ ಕೆಳಗಿದೆ. ಅದಕ್ಕೇ ಹಿನ್ನೆಲೆಯಲ್ಲಿ ನಗುವಿನ ಸದ್ದು ಹಾಕಿಲ್ಲ. ಹಾಕಿದ್ದರೆ ನಾವು ಜೊತೆಗೆ ನಕ್ಕು ಹಗುರಾಗುತ್ತಿದ್ದೆವು. ಆ ಮೌನ ಹೊರುವ ಕೆಲಸ ನಮ್ಮ ಮೇಲೂ ಬಿತ್ತು.

ಇನ್ನೊಂದು ಮಾತು. ಕಥೆಯಲ್ಲಿ ಟಿವಿ ತಂಡವೊಂದು ಆ ಆಫೀಸಿನ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತಿರುತ್ತದೆ. 1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಟಿವಿಯಲ್ಲಿ ವಿಮಾನ ನಿಲ್ದಾಣ, ಡ್ರೈವಿಂಗ್ ಕಲಿಯುವವರು ಹೀಗೆ ಸಾಮಾನ್ಯ ಜನರ ದಿನಚರಿ ತೋರಿಸುವ ಕಾರ್ಯಕ್ರಮಗಳು ಜಾಸ್ತಿಯಾಗಿದ್ದವು. ಯಾರೋ ನಿನ್ನೆಯವರೆಗೆ ಅಪರಿಚಿತರು, ಇವತ್ತು ಊರಿಗೆಲ್ಲ ಪರಿಚಿತರು. ಬ್ರೆಂಟ್‌ಗೂ ಆ ಆಸೆ. ತಾನು ಮೊದಲು ಗೆಳೆಯ, ಆಮೇಲೆ ಬಾಸ್, ಬಹುಶಃ ಮೂರನೆಯದಾಗಿ ಮನರಂಜನೆ ಕೊಡುವವನು ಅಂತ ಹೇಳಿಕೊಳ್ಳುತ್ತಾನೆ. ಎಲ್ಲರೂ ತನ್ನನ್ನು ಇಷ್ಟಪಡಬೇಕು ಅನ್ನುವುದೇ ಅವನ ಹಸಿವು. ಕ್ರೂರಿ ಮ್ಯಾನೇಜರನ್ನು ದ್ವೇಷಿಸಿ ಸುಮ್ಮನಾಗಬಹುದು, ಇವನನ್ನು ಹಾಗೆ ದ್ವೇಷಿಸಲೂ ಆಗುವುದಿಲ್ಲ.

ಹಾಗಂತ ಅವನ ತಪ್ಪನ್ನು ನಾನು ಮುಚ್ಚುವುದಿಲ್ಲ. ಯಾರ ಕೆಲಸವೂ ಹೋಗದ ಹಾಗೆ ನೋಡಿಕೊಳ್ಳುತ್ತೇನೆ ಅಂದವನು, ಮೊದಲ ಸರಣಿಯ ಕೊನೆಯಲ್ಲಿ ಎಲ್ಲರನ್ನೂ ಸೇರಿಸಿ, ಕೆಟ್ಟ ಸುದ್ದಿ ಕೆಲವರ ಕೆಲಸ ಹೋಗುತ್ತದೆ, ಒಳ್ಳೆಯ ಸುದ್ದಿ ನನಗೆ ಬಡ್ತಿ ಸಿಕ್ಕಿದೆ ಅನ್ನುತ್ತಾನೆ. ಆಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ರಕ್ತದೊತ್ತಡ ಜಾಸ್ತಿ ಅಂತ ಬಂದು ಬಡ್ತಿ ತಪ್ಪುತ್ತದೆ. ನಿಮಗೋಸ್ಕರ ನಾನೇ ಬೇಡ ಅಂದೆ ಅಂತ ಅವರ ಮುಂದೆ ನಿಲ್ಲುತ್ತಾನೆ.

ನಿಮ್ಮ ಮಗಳ ವಯಸ್ಸಿನವರು ಹೆಚ್ಚಾಗಿ ನೆನೆಯುವುದು ಅದೇ ಆಫೀಸಿನಲ್ಲಿ ಕೆಲಸ ಮಾಡುವ ಟಿಮ್‌ನನ್ನು. ಮಾರ್ಟಿನ್ ಫ್ರೀಮನ್ ಮಾಡಿದ ಪಾತ್ರ. ಮೂವತ್ತು ತುಂಬಿದ ಹುಡುಗ, ಇನ್ನೂ ಅಪ್ಪ ಅಮ್ಮನ ಮನೆಯಲ್ಲೇ ಇದ್ದಾನೆ. ಬೇಜಾರು ಕಳೆಯಲು ಪಕ್ಕದ ಗ್ಯಾರೆತ್‌ನ ಸ್ಟೇಪ್ಲರನ್ನು ಜೆಲ್ಲಿಯೊಳಗೆ ಹಾಕಿಡುತ್ತಾನೆ. ಬ್ರೆಂಟ್ ಏನಾದರೂ ಅಂದಾಗ ಬಾಯಿ ಬಿಡದೆ ಕ್ಯಾಮೆರಾ ಕಡೆ ಒಮ್ಮೆ ನೋಡುತ್ತಾನೆ. ಆ ಒಂದು ನೋಟಕ್ಕೆ ನಾವು ಅವನ ಪಕ್ಕದ ಕುರ್ಚಿಯವರಾಗಿಬಿಡುತ್ತೇವೆ. ಮೀಟಿಂಗಿನಲ್ಲಿ ಎದುರು ಕೂತವರ ಕಣ್ಣು ನೀವೂ ಹೀಗೆ ಹುಡುಕಿರಬೇಕು.

ಮುಂದೆ ಅಮೆರಿಕದಲ್ಲಿ ಇದೇ ಕಥೆ 2005ರಿಂದ 2013ರವರೆಗೆ 201 ಕಂತು ನಡೆಯಿತು. 2019ರಲ್ಲಿ ಫರೀದಾಬಾದಿನಲ್ಲಿ ನಡೆಯುವ ಹಾಗೆ ಹಿಂದಿಯಲ್ಲೂ ಬಂತು. ಅಮೆರಿಕದವರು ಬರುಬರುತ್ತಾ ಮ್ಯಾನೇಜರನ್ನು ಮೆದುಮಾಡಿದರು. ನೋಡಲು ಹಿತ, ನಿಜ. ನನಗೆ ಮಾತ್ರ ಸ್ಲೌ ಊರಿನ ಆ ಬೂದು ಬಣ್ಣದ 14 ಕಂತುಗಳೇ ಹೆಚ್ಚು.

ಒಂದು ಕೋರಿಕೆ ಇದೆ. ಎರಡನೇ ಸರಣಿಯ ಕೊನೆಯ ಕಂತಿನವರೆಗೆ ಹೋಗಿ. ಅಲ್ಲಿ ಬ್ರೆಂಟ್ ಮೇಲಧಿಕಾರಿಗಳಿಬ್ಬರ ಮುಂದೆ ನನ್ನನ್ನು ತೆಗೆಯಬೇಡಿ ಅಂತ ಅಂಗಲಾಚುತ್ತಾನೆ. ಇಷ್ಟು ದಿನ ಬೇಕು ಬೇಕು ಅಂದ ಕ್ಯಾಮೆರಾ ಆಗಲೂ ಎದುರಿಗಿರುತ್ತದೆ. ಅದೇ ಕಂತಿನಲ್ಲಿ ಟಿಮ್, ತಾನು ಪ್ರೀತಿಸುವ ಡಾನ್‌ಳನ್ನು ಗಾಜಿನ ಕೋಣೆಗೆ ಕರೆದುಕೊಂಡು ಹೋಗಿ, ಅಂಗಿಗೆ ಸಿಕ್ಕಿಸಿದ್ದ ಮೈಕನ್ನು ಕಿತ್ತುಬಿಡುತ್ತಾನೆ. ಅವನು ಏನು ಹೇಳಿದ ಅಂತ ಕೇಳಿಸುವುದಿಲ್ಲ. ಹೊರಗೆ ಬಂದು ಮೈಕ್ ಮತ್ತೆ ಸಿಕ್ಕಿಸಿ, ಅವಳು ಇಲ್ಲ ಅಂದಳು ಅಂತಷ್ಟೇ ಹೇಳುತ್ತಾನೆ.

ಇದನ್ನು ಮಗಳ ಜೊತೆ ಕೂತು ನೋಡಿ. ಆಮೇಲೆ ನಮಗೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಅಚ್ಚು ಮಾಡುತ್ತೇವೆ.