ಎಂ.ಎ.ಗೆ ಹೊರಟಿದ್ದೇನೆ, ಏನೇನು ಕೊಳ್ಳಲಿ?

ಪ್ರಶ್ನೆ: ಕಾಸರಗೋಡಿನಲ್ಲಿ ಡಿಗ್ರಿ ಮುಗಿಸಿದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ.ಗೆ ಸೀಟು ಸಿಕ್ಕಿದೆ, ಹಾಸ್ಟೆಲಿನಲ್ಲಿರುತ್ತೇನೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಆಗುವುದೇ ಇಲ್ಲ, ಅದೂ ಗೇಮಿಂಗ್ ಮಾಡೆಲ್ಲೇ ಬೇಕು ಅಂತಾನೆ ಅಣ್ಣ. ಹೌದಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೊದಲು ಕಾಗದಪತ್ರ ನೋಡಿಕೊಳ್ಳಿ, ಪೇಟೆ ಆಮೇಲೆ. ನಿಮ್ಮ ಡಿಗ್ರಿ ಕಣ್ಣೂರು ವಿಶ್ವವಿದ್ಯಾನಿಲಯದ್ದು ಅಲ್ವಾ? ಹಾಗಾದರೆ ಅಂಕಪಟ್ಟಿ, ಟಿ.ಸಿ. ಜೊತೆ ಮೈಗ್ರೇಶನ್ ಸರ್ಟಿಫಿಕೇಟೂ (ಬೇರೆ ವಿಶ್ವವಿದ್ಯಾನಿಲಯ ಸೇರಲು ಹಳೆಯದು ಕೊಡುವ ಪತ್ರ) ಬೇಕಾಗುತ್ತದೆ, ಅದಕ್ಕೆ ಈಗಲೇ ಅರ್ಜಿ ಹಾಕಿ. ಎಲ್ಲದರ ಜೆರಾಕ್ಸ್ ಇರಲಿ, ಸ್ಕ್ಯಾನ್ ಮಾಡಿ ಇಮೇಲಿನಲ್ಲೂ ಇಟ್ಟುಕೊಳ್ಳಿ.

ಲ್ಯಾಪ್‌ಟಾಪಿಗೆ ಸಾಲ ಮಾಡಬೇಡಿ. ಕನ್ನಡ ಎಂ.ಎ.ಯ ಮೊದಲ ಸೆಮಿಸ್ಟರನ್ನು ಫೋನು ಮತ್ತು ಲೈಬ್ರರಿ ಇಟ್ಟುಕೊಂಡು ದಾಟಬಹುದು. ಕೊಳ್ಳುವುದೇ ಆದರೆ 8 ಜಿಬಿ ರ‍್ಯಾಮ್, ಎಸ್ಎಸ್‌ಡಿ (ಬೇಗ ಕೆಲಸ ಮಾಡುವ ಸ್ಟೋರೇಜ್) ಇದ್ದರೆ ಸಾಕು, ಅಣ್ಣ ಹೇಳುವ ಗೇಮಿಂಗ್ ಮಾಡೆಲ್ ಅಣ್ಣನಿಗೇ ಇರಲಿ. ಟೈಪಿಂಗ್ ಮಾತ್ರ ಯೂನಿಕೋಡಿನಲ್ಲೇ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಕಲಿಯಿರಿ. ಹಳೆಯ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಚಿತ್ರವಿಚಿತ್ರ ಅಕ್ಷರ ಕಾಣಿಸುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಒಂದು ದಪ್ಪ ನೋಟ್‌ಬುಕ್. ಓದಿದ ಪುಸ್ತಕದ ಲೇಖಕರು, ಪ್ರಕಾಶಕರು, ಮುದ್ರಣದ ವರ್ಷ, ಪುಟಸಂಖ್ಯೆ ಅಲ್ಲಲ್ಲೇ ಬರೆದಿಡಿ, ಇಲ್ಲದಿದ್ದರೆ ಪ್ರಬಂಧ ಬರೆಯುವಾಗ ಒಂದು ಸಾಲಿಗಾಗಿ ಇಡೀ ಪುಸ್ತಕ ಮತ್ತೆ ಮಗುಚಬೇಕಾಗುತ್ತದೆ.

ಮಳೆಗಾಲದಲ್ಲಿ ಹಾಸ್ಟೆಲಿನಲ್ಲಿ ಬಟ್ಟೆ ಒಣಗುವುದು ಅಷ್ಟರಲ್ಲೇ ಇದೆ, ತೆಳು ಬೈರಾಸ್ (ಟವೆಲು) ಎರಡು ಜಾಸ್ತಿ ಇಟ್ಟುಕೊಳ್ಳಿ. ಪುಸ್ತಕಕ್ಕೆ ಪ್ಲಾಸ್ಟಿಕ್ ಕವರು, ಒಂದು ಬೀಗ, ಎಕ್ಸ್‌ಟೆನ್ಶನ್ ಬೋರ್ಡು ಬೇಕು. ಬಕೆಟನ್ನು ಸುಮ್ನೆ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಡಿ, ಅಲ್ಲೇ ಸಿಗುತ್ತದೆ.